ಮುಚ್ಚಳಭೇದಿನಿ ವಾರಿಜೆಯ ಉದಯವೂ ಡಬ್ಬಿಕಾಳಗವೂ

ಅಟ್ಟದ ಮೇಲೆ ಕವುಚಿ ಮಲಗಿರುವ ಪಾತ್ರೆಪಡಗಗಳ ಅಧಿದೇವತೆಗಳಿರಾ, ಹಬ್ಬಕ್ಕೊಮ್ಮೆ ಹುಣಸೆಹಣ್ಣಿನ ಸ್ಪರ್ಶದಿಂದ ಎಚ್ಚರಗೊಳ್ಳುವ ಹಿತ್ತಾಳೆಯ ಹಿರಿಯರಿರಾ, ದಿನವೂ ಸೋಪಿನ ನೊರೆಯಲ್ಲಿ ಮಿಂದೇಳುವ ಸ್ಟೀಲುವಂಶಸಂಜಾತರಿರಾ, ಈ ಸಣ್ಣ ಕಂಠಕ್ಕೆ ನಿಮ್ಮ ಸದ್ದಿನಲ್ಲಿ ಕೊಂಚ ಪಾಲು ಕೊಡಿ. ಧರ್ಮವು ಒಂಟಿಕಾಲಿನ ಮೇಲೆ, ಅದೂ ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದವನಂತೆ ತೂಗಾಡುತ್ತಿರುವ ಈ ಕಲಿಯುಗದಲ್ಲಿ, ಲೋಕರಕ್ಷಣೆಯ ಗುತ್ತಿಗೆ ಹಿಡಿದ ವೀರರೆಲ್ಲ ಪರದೇಶದಲ್ಲೇ ಹುಟ್ಟಿ, ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟು ಗಗನದಲ್ಲಿ ವಿಹರಿಸುತ್ತಿದ್ದಾಗ, ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಸಾಲಿನ ಕಡೆಯ ಮನೆಯಲ್ಲಿ, ಚೂಡಿದಾರದ ಮೇಲೆ ಬರೀ ಒಂದು ವೇಲು ಹೊದ್ದು ಅವತರಿಸಿದ ಮಹಾಪರಾಕ್ರಮಿಯ ಚರಿತೆಯಿದು.

ಅವಳ ಹೆಸರು ವಾರಿಜಾ. ಬಿ.ಎ. ಮುಗಿದಿತ್ತು. ಮುಂದೇನೆಂದು ಕೇಳುವವರ ಚಪ್ಪಲಿಯ ಸದ್ದು ಅಂಗಳದಲ್ಲಿ ಕೇಳಿಸಿದರೆ ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸುವಳು. ಮೌನದಲ್ಲಿ ಮೇರುಸಮಾನೆ, ಸಂಕೋಚದಲ್ಲಿ ಸಾಗರಸದೃಶೆ, ಅಂಗಡಿಯವನು ಚಿಲ್ಲರೆಯ ಬದಲು ಚಾಕೊಲೇಟು ಕೊಟ್ಟರೂ ಮರುನುಡಿಯದೆ ಹಿಂದಿರುಗುವ ಕ್ಷಮಾಗುಣದಲ್ಲಿ ಸಾಕ್ಷಾತ್ ವಸುಂಧರೆಯನ್ನೇ ನಾಚಿಸಿದವಳು. ಅವಳು ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದುದು ಒಬ್ಬಳೊಡನೆ ಮಾತ್ರ: ಪಕ್ಕದ ಮನೆಯ ರೋಹಿಣಿಯೊಡನೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಈ ಕಡೆಯಿಂದ ಚಮಚದಲ್ಲಿ ಕುಟ್ಟಿದರೆ ಆ ಕಡೆಯಿಂದ ಚಮಚದ ಉತ್ತರ ಬರುವುದು. ಮರುಗಳಿಗೆಯಲ್ಲಿ ಇಬ್ಬರೂ ಹಿತ್ತಲಿನ ನೀರಿನ ತೊಟ್ಟಿಯ ಕಟ್ಟೆಯ ಮೇಲೆ.

ಪರದೇಶದ ವೀರರಿಗೆ ಪ್ರಯೋಗಶಾಲೆಗಳಲ್ಲಿ ಶಕ್ತಿ ಬಂದೀತು. ನಮ್ಮ ನಾಯಕಿಗೆ ಅದು ಟ್ಯೂಬ್‌ಲೈಟಿನ ಹಿಂದಿನಿಂದ ಬಂತು. ಧನುರ್ಮಾಸದ ಒಂದು ಸಂಜೆ ಅವಳು ಅವರೆಕಾಳು ಬಿಡಿಸುತ್ತ ಕುಳಿತಿದ್ದಾಗ, ಆ ದೀಪದ ಶಾಖದಲ್ಲಿ ತಲೆಮಾರುಗಳಿಂದ ತಪಗೈಯುತ್ತಿದ್ದ ಪೀನಪುಚ್ಛವಿರಾಜಿತವಾದ ಹಲ್ಲಿಯೊಂದು ಸಮಾಧಿ ಜಾರಿ, ಸುರುಳಿ ಸುತ್ತಿ, ನೇರವಾಗಿ ಅವಳ ಅಂಗೈ ಮೇಲೆ ಇಳಿಯಿತು. ತಟ್ಟೆ ಹಾರಿತು. ಕಾಳು ದಶದಿಕ್ಕುಗಳಿಗೂ ಹರಡಿತು.

ಅಜ್ಜಿ ಪುಟ್ಟಗೌರಮ್ಮ ಎದ್ದು ಬಂದರು. "ಎಲ್ಲಿಗೆ ಬಿತ್ತೇ?"

"ಕೈಗೆ."

"ಯಾವ ಕೈಗೆ?"

"ಬಲಗೈಗೆ."

"ಅಯ್ಯೋ ಮಂಕೇ! ಹೆಣ್ಣುಮಕ್ಕಳಿಗೆ ಎಡಗೈಗೆ ಬೀಳ್ಬೇಕು. ಒಂಚೂರು ಆ ಕಡೆ ತಿರುಗಿ ಕೂತಿದ್ರೆ ಏನಾಗ್ತಿತ್ತು ನಿನಗೆ?"

ಕನ್ನಡಕ ಬಂತು, ಪಂಚಾಂಗ ಬಂತು, ಹಲ್ಲಿ ಬಿದ್ದ ಫಲದ ಪುಟ ತೆರೆಯಿತು. ಬಲಗೈಗೆ ಬಿದ್ದರೆ ಗಂಡಸಿಗೆ ಬಾಹುಬಲ. ಹೆಂಗಸಿಗೆ ಆಪ್ತರೊಡನೆ ವಿರಸ. ಅಜ್ಜಿ ಎರಡು ಸಾಲನ್ನೂ ಬೆರಳಿಟ್ಟು ಓದಿ, ವರಾಹಮಿಹಿರನ ಗಾಂಭೀರ್ಯದಿಂದ ತೀರ್ಪಿತ್ತರು: "ಎರಡೂ ಬರುತ್ತೆ ಬಿಡು. ಗಂಡೋ ಹೆಣ್ಣೋ ಅಂತ ಹಲ್ಲಿಗೇನು ಗೊತ್ತಾಗುತ್ತೆ? ಏಳು, ತಲೆಗೆ ನೀರು ಹಾಕ್ಕೋ."

ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿ ಅವಳು ಅಡುಗೆಮನೆಗೆ ಕಾಲಿಟ್ಟಾಗ, ಅಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯೊಂದು, ಅಪ್ಪ ಪಂಚೆ ಎತ್ತಿ ಕಟ್ಟಿ ಸೆಣಸಿ ಸೋತು ಬಿಟ್ಟ ದುರ್ಗದಂತೆ, ಎಣ್ಣೆಗಟ್ಟಿದ ಮುಚ್ಚಳ ಬಿಗಿದುಕೊಂಡು ಕುಳಿತಿತ್ತು. ವಾರಿಜಾ ಸುಮ್ಮನೆ ಪಕ್ಕಕ್ಕಿಡಲೆಂದು ಬಲಗೈಯಿಂದ ಹಿಡಿದಳು. ಕಿರ್ರೆಂದಿತು. ತೆರೆಯಿತು. ಅಮ್ಮ ಒಗ್ಗರಣೆಯ ಸೌಟು ಹಿಡಿದವರು ಹಾಗೇ ನಿಂತರು.

ಮಹಾವೀರರಿಗೆ ಗುಟ್ಟು ಕಾಯುವ ಆಪ್ತರೊಬ್ಬರು ಇರಲೇಬೇಕಲ್ಲ. ಅಂದೇ ಗೋಡೆಗೆ ಚಮಚ ಕುಟ್ಟಿತು. ತೊಟ್ಟಿಯ ಕಟ್ಟೆಯ ಮೇಲೆ ಎಲ್ಲವನ್ನೂ ಕೇಳಿದ ರೋಹಿಣಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ಯಾಕೋ ಗಂಭೀರಳಾಗಿ, ಗೆಳತಿಯ ತಲೆಯ ಮೇಲೆ ಕೈಯಿಟ್ಟಳು. "ನಿನ್ನಾಣೆ, ಯಾರಿಗೂ ಹೇಳಲ್ಲ."

ಮರುದಿನ ಹಾಲು ಉಕ್ಕುವ ಮುಂಚೆ ಇಡೀ ಲೈನಿಗೆ ಗೊತ್ತಾಗಿತ್ತು.

ಅಂದಿನಿಂದ ಆರಂಭವಾಯಿತು ಆ ದಂಡಯಾತ್ರೆ. ಚತುರಂಗಬಲಗಳಂತೆ ಬಂದವು: ಬಾಯಿ ಕಚ್ಚಿದ ಕುಕ್ಕರುಗಳು, ಸಕ್ಕರೆಗಟ್ಟಿದ ಜೇನಿನ ಶೀಶೆಗಳು, ಕೊಬ್ಬರಿಎಣ್ಣೆಯ ಡಬ್ಬಗಳು, ಗ್ಯಾಸ್ ಸಿಲಿಂಡರಿನ ನೆತ್ತಿಯ ಬಿಳಿ ಬಿರಡೆಗಳು. ಗಾರ್ಡ್ ಮನೆಯ ಪ್ರೇಮಲೀಲಾ ಆಂಟಿಯಂತೂ ಹೊಸ ಬಾಟಲಿ ತಂದ ಕೂಡಲೇ, ತಾವು ಮುಟ್ಟಿಯೂ ನೋಡದೆ, ನೇರವಾಗಿ ಇಲ್ಲಿಗೇ ಬರುತ್ತಿದ್ದರು. "ನಮ್ಮ ವಾರಿಜಾ ಇದ್ದಾಳಲ್ಲ, ನಾವ್ಯಾಕೆ ಕೈ ನೋಯಿಸ್ಕೋಬೇಕು?" ಪರದೇಶದ ವೀರರಿಗಾದರೋ ಜನ ಚೌಕದಲ್ಲಿ ಪ್ರತಿಮೆ ನಿಲ್ಲಿಸುವರು. ಇಲ್ಲಿ, ಮುಚ್ಚಳ ತೆರೆದಾದ ಮೇಲೆ, "ಹಾಗೇ ಒಂಚೂರು ಒರೆಸಿಕೊಡಮ್ಮ" ಎನ್ನುವರು. ಅಮ್ಮನಿಗೆ ಬೇರೆಯೇ ಚಿಂತೆ. "ಹುಡುಗನ ಕಡೆಯವರ ಕಿವಿಗೆ ಬಿದ್ರೆ ಏನ್ ಗತಿ? ಹುಡುಗಿ ಕೈ ಒರಟು ಅಂತಾರೆ." ಅಜ್ಜಿ ಹೇಳುವರು: "ಸೊಸೆಯಾಗಿ ಬಂದವಳು ಮುಚ್ಚಳ ತೆಗೀಬಾರ್ದಾ? ಅವರ ಮನೇಲಿ ಉಪ್ಪಿನಕಾಯಿ ತಿನ್ನಲ್ವಾ?"

ಒಮ್ಮೆ ವಾರಿಜಾ ಊಟಕ್ಕೆ ಕುಳಿತು ಮೊದಲ ತುತ್ತನ್ನು ಕಲಸುತ್ತಿದ್ದಾಗ ಪ್ರೇಮಲೀಲಾ ಆಂಟಿ ಶೀಶೆಯೊಂದನ್ನು ಹಿಡಿದು ಹೊಸ್ತಿಲಲ್ಲಿ ನಿಂತರು. ಆಗ ಆ ವೀರಾಗ್ರಣಿಯ ಎದೆಯೊಳಗೆ ರಣಭೇರಿ ಮೊಳಗಿ, ಅಂತರಂಗದಿಂದ ಈ ವೀರವಾಣಿ ಹೊರಹೊಮ್ಮಿತು:

"ಎಲೈ ಪ್ರೇಮಲೀಲೆಯೇ! ಯಾವಳ ಭುಜಬಲವನ್ನು ಸ್ಮರಿಸಿ ಸಮಸ್ತ ಭರಣಿಗಳು ಕಪಾಟಿನೊಳಗೆ ಗಡಗಡನೆ ನಡುಗುವವೋ, ಯಾವಳ ಅಂಗೈಯ ನೆರಳು ಬಿದ್ದೊಡನೆ ಕುಕ್ಕರುಗಳು ಸೀಟಿ ಹಾಕುವುದನ್ನು ಮರೆಯುವವೋ, ಅಂಥ ನನ್ನನ್ನು ಬಿಸಿಬಿಸಿ ಹುರುಳಿ ಸಾರಿನೆದುರಿನಿಂದ ಎಬ್ಬಿಸುವ ಧಾರ್ಷ್ಟ್ಯವೇ ನಿನಗೆ? ತೊಲಗು! ಇಲ್ಲವಾದರೆ ನಿನ್ನ ಮನೆಯ ಸಕಲ ಡಬ್ಬಿಗಳನ್ನೂ ಪ್ರಳಯಕಾಲದವರೆಗೆ ಬಿಗಿದುಬಿಟ್ಟೇನು!"

ಎದೆಯಿಂದ ಹೊರಟ ಆ ಮಾತು ಗಂಟಲಿಗೆ ಬರುವಷ್ಟರಲ್ಲಿ ಸೊರಗಿ, ತುಟಿಗೆ ಬರುವಷ್ಟರಲ್ಲಿ ಹೀಗಾಗಿತ್ತು: "ಪರವಾಗಿಲ್ಲ ಆಂಟಿ, ಕೊಡಿ."

ಆಂಟಿಯ ಮೇಲೆ ಹರಿಯಲಾರದ ಕ್ರೋಧವೆಲ್ಲ ರೋಹಿಣಿಯ ಕಡೆಗೆ ಹರಿಯಿತು. ವಾರಿಜಾ ಘೋರಪ್ರತಿಜ್ಞೆಗೈದಳು: ಇನ್ನು ಆ ದ್ರೋಹಿಯೊಡನೆ ಮಾತಿಲ್ಲ. ಗೋಡೆಯಾಚೆಯಿಂದ ಚಮಚ ಕುಟ್ಟಿತು, ಈಚೆಯಿಂದ ಉತ್ತರವಿಲ್ಲ. ಮತ್ತೆ ಕುಟ್ಟಿತು. ವಾರಿಜಾ ತನ್ನ ಚಮಚವನ್ನು ಅಕ್ಕಿಡಬ್ಬದ ತಳದಲ್ಲಿ ಹೂತಿಟ್ಟಳು. ರೋಹಿಣಿಗೂ ಸ್ವಾಭಿಮಾನವೆಂಬುದಿತ್ತು, ಕೆಲವು ದಿನಗಳ ಮೇಲೆ ಗೋಡೆ ಬರೀ ಗೋಡೆಯಾಯಿತು. ಪಂಚಾಂಗದ ಎರಡನೆಯ ಸಾಲೂ ಫಲಿಸಿತ್ತು.

ಆಗ ಬಂತು ವಾರ್ತೆ. ರೋಹಿಣಿಯ ತಂದೆಗೆ ಬಳ್ಳಾರಿಗೆ ವರ್ಗ. ಭಾನುವಾರ ಬೆಳಿಗ್ಗೆ ಸಾಮಾನಿನ ಲಾರಿ ಲೈನಿನೊಳಗೆ ಹಿಮ್ಮುಖವಾಗಿ ಬಂದು ನಿಂತಿತು.

"ಅವರ ಡಬ್ಬಿಯೊಂದು ನಮ್ಮನೇಲೇ ಉಳ್ಕೊಂಡಿದೆ ಕಣೇ," ಎಂದರು ಅಮ್ಮ, ಕಪಾಟಿನಿಂದ ರೋಹಿಣಿಯ ತಾಯಿಯ ಹೆಸರು ಕೆತ್ತಿದ ಸ್ಟೀಲಿನ ಡಬ್ಬಿ ತೆಗೆದು. "ಕೊಟ್ಟು ಬಾ."

ಆದರೆ ಆ ಲೈನಿನಲ್ಲಿ, ಯಾವ ಮನುವೂ ಬರೆಯದ, ಯಾರೂ ಮೀರದ ಧರ್ಮವೊಂದಿತ್ತು: ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸಕೂಡದು. ಅಮ್ಮ ಅವಸರದಲ್ಲಿ ಶಾವಿಗೆ ಉಪ್ಪಿಟ್ಟು ಕೆದಕಿ, ಹೊಗೆಯಾಡುತ್ತಿರುವಾಗಲೇ ಡಬ್ಬಿಗೆ ತುಂಬಿದರು. ವಾರಿಜಾ ಮುಚ್ಚಳವನ್ನಿಟ್ಟು, ತನ್ನ ಸಕಲ ಅಭಿಮಾನವನ್ನೂ ಬಲಗೈಗೆ ತಂದುಕೊಂಡು, ಒಮ್ಮೆ ಒತ್ತಿದಳು.

ಆಗಲೇ ಹೋಗಿ ಕೊಟ್ಟುಬಿಟ್ಟಿದ್ದರೆ ಈ ಕಾವ್ಯ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ನಾಯಕಿ ಬಾಗಿಲ ಹಿಂದಿನ ಸ್ಟೂಲಿನ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು ಕುಳಿತು, ಆಡಬೇಕಾದ ಮಾತನ್ನು ಒಳಗೊಳಗೇ ಕಟ್ಟತೊಡಗಿದಳು. 'ಎಲೌ ಸಖೀ, ವಚನಭಂಗಕಳಂಕಿತೆಯೇ' ಎಂದು ಶುರುಮಾಡಲೇ? ಬೇಡ, 'ಹೋಗ್ತಾ ಇದ್ದೀಯಂತೆ' ಎನ್ನಲೇ? ಅದೂ ಬೇಡ. ಹೊರಗೆ ಮಂಚ ಏರಿತು, ಬೀರು ಏರಿತು, ತುಳಸಿ ಕುಂಡ ಏರಿತು. ತೊಡೆಯ ಮೇಲೆ ಡಬ್ಬಿ ಸದ್ದಿಲ್ಲದೆ ತಣ್ಣಗಾಯಿತು. ಒಳಗಿನ ಹಬೆ ಇಂಗಿ ಮುಚ್ಚಳವನ್ನು ಒಳಕ್ಕೆಳೆದುಕೊಂಡಿತು.

"ಇನ್ನೂ ಇಲ್ಲೇ ಕೂತಿದ್ದೀಯಾ?" ಎಂದು ಅಜ್ಜಿ ಗದರಿದಾಗಲೇ ಅವಳು ಎದ್ದದ್ದು.

ಲಾರಿಯ ಹಿಂದೆ, ಸುತ್ತಿಟ್ಟ ಹಾಸಿಗೆಯ ಸಿಂಹಾಸನದ ಮೇಲೆ, ಫ್ಯಾನಿನ ರೆಕ್ಕೆಗಳನ್ನು ಗದೆಯಂತೆ ಮಡಿಲಲ್ಲಿಟ್ಟುಕೊಂಡು ರೋಹಿಣಿ ಕುಳಿತಿದ್ದಳು. ವಾರಿಜಾ ಎದುರು ನಿಂತಳು. ದಿಕ್ಪಾಲಕರು ಉಸಿರು ಬಿಗಿಹಿಡಿದರು.

"ಡಬ್ಬಿ," ಎಂದಳು ವಾರಿಜಾ.

"ಏನಿದೆ?"

"ಶಾವಿಗೆ."

ರೋಹಿಣಿ ನೋಡೋಣವೆಂದು ಮುಚ್ಚಳಕ್ಕೆ ಉಗುರು ಹಾಕಿದಳು. ಬರಲಿಲ್ಲ. ಮೊಣಕಾಲ ಸಂದಿಯಲ್ಲಿಟ್ಟು ಎಳೆದಳು. ಬರಲಿಲ್ಲ. ಬೇರೆ ದಾರಿ ಕಾಣದೆ, ಮುಖ ಆ ಕಡೆ ತಿರುಗಿಸಿ ಡಬ್ಬಿಯನ್ನು ಚಾಚಿದಳು. "ತೆಗೆದುಕೊಡು."

ವಾರಿಜಾ ಬಲಗೈ ಇಟ್ಟಳು. ಲೋಕವಿಖ್ಯಾತವಾದ, ಹಲ್ಲಿದತ್ತವಾದ, ಅಪರಾಜಿತವಾದ ಆ ಬಲಗೈ. ಎಳೆದಳು. ಮತ್ತೆ ಎಳೆದಳು. ಕುತ್ತಿಗೆಯ ನರ ಉಬ್ಬಿತು. ಮುಚ್ಚಳ ಮಿಸುಕಲಿಲ್ಲ.

ಹಗ್ಗ ಬಿಗಿಯುತ್ತಿದ್ದವರು ಹಗ್ಗ ಬಿಟ್ಟರು. ಕಾಂಪೌಂಡಿನ ಮೇಲೆ ತಲೆಗಳು ಮೂಡಿದವು. "ಅವಳ ಕೈಗೇ ಬರ್ತಿಲ್ವಂತೆ!" ಎಂದು ಪ್ರೇಮಲೀಲಾ ಆಂಟಿ ಅಡುಗೆ ಬಿಟ್ಟು ಓಡಿಬಂದರು. "ಅಯ್ಯೋ, ಶಕ್ತಿ ಹೋಯ್ತಾ? ನಮ್ಮನೇಲಿ ಇನ್ನೂ ಸಕ್ಕರೆ ಬಾಟ್ಲಿ ಇತ್ತಲ್ಲೇ!"

ಲಾರಿ ಹಾರನ್ ಹೊಡೆಯಿತು. ರೋಹಿಣಿ ಹಾಸಿಗೆಯಿಂದ ಧುಮುಕಿ ಡಬ್ಬಿಯ ಬುಡವನ್ನು ತಬ್ಬಿ ಹಿಡಿದಳು. ಮುಚ್ಚಳದ ಅಂಚನ್ನು ವಾರಿಜಾ ಹಿಡಿದಳು. ದೇವದಾನವರು ಮಂದರದಿಂದ ಕಡಲನ್ನು ಕಡೆದಂತೆ ಆ ಇಬ್ಬರು ಪದವೀಧರೆಯರು ಒಂದು ಡಬ್ಬಿಯನ್ನು ಜಗ್ಗಾಡತೊಡಗಿದರು.

"ಗಟ್ಟಿಯಾಗಿ ಹಿಡ್ಕೊಳೇ."

"ಹಿಡ್ಕೊಂಡಿದ್ದೀನಿ. ತಿರುಗಿಸ್ಬೇಡ, ಮೇಲಕ್ಕೆ ಎಳಿ."

"ಎಳೀತಾನೇ ಇದ್ದೀನಿ. ಯಾಕೆ ಹೇಳ್ದೆ ಎಲ್ಲರಿಗೂ?"

"ಏನು?"

"ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ ನೀನು. ಯಾಕೆ ಹೇಳ್ದೆ?"

ರೋಹಿಣಿ ಹಿಡಿತ ಬಿಡಲಿಲ್ಲ. "ವರ್ಗ ಆಗುತ್ತೆ ಅಂತ ನಂಗೆ ಆವತ್ತೇ ಗೊತ್ತಿತ್ತು ಕಣೇ. ನಾನು ಹೋದ್ಮೇಲೆ ನೀನು ಯಾರ ಹತ್ರ ಮಾತಾಡ್ತೀಯ? ಗೋಡೆ ಹತ್ರಾನಾ? ಡಬ್ಬಿ ಹಿಡ್ಕೊಂಡಾದ್ರೂ ಜನ ನಿನ್ನ ಬಾಗಿಲಿಗೆ ಬರ್ಲಿ ಅಂತ ಹೇಳ್ದೆ."

"ಬಂದ್ರು. ಡಬ್ಬಿ ತೆಗೆಸ್ಕೊಂಡು ಹೋದ್ರು. ಒಬ್ರೂ ಊಟ ಆಯ್ತಾ ಅಂತ ಕೇಳ್ಲಿಲ್ಲ. ನಾನೇನು ಸ್ಕ್ರೂಡ್ರೈವರಾ?"

"ಹಂಗಂತ ಅವರಿಗೆ ಹೇಳ್ಬೇಕಿತ್ತು!"

"ಹೇಳಕ್ಕೆ ಬರಲ್ಲ ಅಂತ ನಿಂಗೊಬ್ಳಿಗೇ ಗೊತ್ತಿತ್ತು. ನೀನೂ ಮಾತು ಬಿಟ್ಟೆ!"

"ನಾನು ಬಿಟ್ನಾ? ಚಮಚ ಕುಟ್ಟಿ ಕುಟ್ಟಿ ಗೋಡೆ ಸುಣ್ಣ ಉದುರಿತ್ತು. ಅಪ್ಪ ಬೈದ್ರು. ಮತ್ತೆ, ಹೇಳಕ್ಕೆ ಬರಲ್ಲ ಅಂತೀಯಲ್ಲ, ಈಗೇನು ಮಾಡ್ತಿದ್ದೀಯ ನೀನು? ಇಡೀ ಲೈನ್ ಕೇಳಿಸ್ಕೊಳ್ತಿದೆ."

ವಾರಿಜಾ ಸುತ್ತ ನೋಡಿದಳು. ನಿಜ. ಕಾಂಪೌಂಡಿನ ಮೇಲಿನ ಸಮಸ್ತ ತಲೆಗಳೂ ಅವಳ ಮಾತನ್ನು, ಪೂರ್ತಿ ವಾಕ್ಯಗಳಲ್ಲಿ, ಬಾಯಿ ತೆರೆದು ಕೇಳುತ್ತಿದ್ದವು. ಆ ಗಾಬರಿಗೆ ಅವಳು ಹಿಂದಕ್ಕೆ ಹಾರಿದಳು. ಟಪ್!

ಶಾವಿಗೆಯು ಪುಷ್ಪವೃಷ್ಟಿಯಂತೆ ಮೇಲೆದ್ದು ಅರ್ಧ ರೋಹಿಣಿಯ ಜಡೆಯ ಮೇಲೆ, ಅರ್ಧ ಡಬ್ಬಿಯೊಳಗೆ ಇಳಿಯಿತು. ಗೆಳತಿಯರು ಅಪ್ಪಿಕೊಳ್ಳಬೇಕಾದ ಆ ಮುಹೂರ್ತದಲ್ಲಿ ಲಾರಿ ಮತ್ತೆ ಹಾರನ್ ಹೊಡೆದು ಚಲಿಸಿಯೇಬಿಟ್ಟಿತು. ರೋಹಿಣಿ ಡಬ್ಬಿ ಸಮೇತ ಹತ್ತಿಕೊಂಡಳು. ತಿರುವಿನಲ್ಲಿ ಒಂದು ಕೈ ಬೀಸಿದ್ದು ಕಾಣಿಸಿತು. ರಣರಂಗದಲ್ಲಿ ವಾರಿಜಾ ಒಬ್ಬಳೇ ಉಳಿದಳು, ಕೈಯಲ್ಲಿ ಮುಚ್ಚಳ.

"ಡಬ್ಬಿ ಕೊಟ್ಟು ಬಾ ಅಂತ ಕಳಿಸಿದ್ರೆ ಮುಚ್ಚಳ ವಾಪಸ್ ತಂದಿದ್ದೀಯಲ್ಲೇ," ಎಂದರು ಅಮ್ಮ.

ಅವಳು ಅಕ್ಕಿಡಬ್ಬಕ್ಕೆ ಕೈ ಹಾಕಿ, ತಳ ತಡಕಿ, ಚಮಚ ತೆಗೆದಳು. ಗೋಡೆಗೆ ಮೆಲ್ಲಗೆ ಕುಟ್ಟಿದಳು. ಖಾಲಿ ಮನೆ ಸದ್ದನ್ನು ನುಂಗಿಕೊಂಡು ಸುಮ್ಮನಾಯಿತು. ಗೋಡೆಗೆ ಕಿವಿಯಿಟ್ಟು ಅವಳು ಬಹಳ ಹೊತ್ತು ನಿಂತಳು.

ಸಂಜೆ ಮೊಬೈಲು ಹೊಡೆದುಕೊಂಡಿತು.

"ಲೇ, ಶಾವಿಗೆಗೆ ಉಪ್ಪೇ ಹಾಕಿಲ್ಲ ಕಣೇ ನಿಮ್ಮಮ್ಮ."

"ಅವಸರದಲ್ಲಿ ಮರ್ತಿರ್ಬೇಕು. ಪೂರ್ತಿ ತಿಂದ್ಯಾ?"

"ತಿಂದೆ. ಜಡೆಯಲ್ಲಿದ್ದಿದ್ದನ್ನೂ ತಿಂದೆ. ನಮ್ಮಮ್ಮ ಮುಚ್ಚಳ ಕೇಳ್ತಿದ್ದಾರೆ. ಯಾರ ಹತ್ರಾನಾದ್ರೂ ಕಳ್ಸು. ಖಾಲಿ ಕಳಿಸ್ಬೇಡ ಮತ್ತೆ."

"ಮುಚ್ಚಳದಲ್ಲಿ ಏನೇ ತುಂಬಿಸ್ಲಿ?"

"ಉಪ್ಪು."

ವಾರಿಜಾ ನಕ್ಕಳು. ಆಗಲೇ ಹೊಸ್ತಿಲ ಮೇಲೆ ಪ್ರೇಮಲೀಲಾ ಆಂಟಿಯ ನೆರಳು ಬಿತ್ತು. ಕೈಯಲ್ಲಿ ಸಕ್ಕರೆ ಬಾಟಲಿ. "ಬಂತೇನಮ್ಮ ಶಕ್ತಿ ವಾಪಸ್ಸು? ಸ್ವಲ್ಪ ಇದನ್ನ..."

ಎದೆಯೊಳಗೆ ರಣಭೇರಿ ಮೊಳಗಿತು. 'ಎಲೈ ಪ್ರೇಮಲೀಲೆಯೇ' ಎಂದು ವೀರವಾಣಿ ಏಳುತ್ತಿತ್ತು. ಅದು ಗಂಟಲಿಗೆ ಬಂದು ಸೊರಗುವ ಮೊದಲೇ ಅವಳು ಬಾಯಿ ತೆರೆದಳು.

"ಈಗ ಆಗಲ್ಲ ಆಂಟಿ. ಮಾತಾಡ್ತಿದ್ದೀನಿ."

ಸಪ್ತಸಮುದ್ರಗಳು ಉಕ್ಕಿದವು. ಕುಲಪರ್ವತಗಳು ಕಂಪಿಸಿದವು. ಅಜ್ಜಿ ಕನ್ನಡಕ ಹುಡುಕಿದರು. ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚ್ ಲೊಚ್ ಎಂದು ಸಾಕ್ಷಿ ನುಡಿಯಿತು.

ಆಂಟಿ ಸೆರಗಿನ ತುದಿಯನ್ನು ಮುಚ್ಚಳಕ್ಕೆ ಸುತ್ತಿ, ಹಲ್ಲು ಕಚ್ಚಿ, ಒಂದು ಸಲ ತಿರುಗಿಸಿದರು. ಬಂತು.

"ಅಯ್ಯೋ," ಎಂದರು ಆಂಟಿ, ಬಾಟಲಿಯ ಬಾಯಿಯನ್ನೇ ನೋಡುತ್ತ. "ಇಷ್ಟೇನಾ?"