ಎಂಟೂವರೆ ಗಂಟೆಯ ನೇರ ಗೆರೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಕಣ್ಣು ಮಿಟುಕಿಸುವುದರೊಳಗೆ ಅಳೆದು ಹೇಳುವ ಜಾಲತಾಣದ ಮಾನ್ಯರೇ,

ಆಕಾಶದಲ್ಲೇ ವಾಸವಾಗಿರುವ ತಮಗೆ ನೆಲದ ಮೇಲೆ ಚಪ್ಪಲಿ ಸವೆಸುವವನೊಬ್ಬನ ಅಡ್ಡಬಿದ್ದ ನಮಸ್ಕಾರಗಳು.

ನಮ್ಮ ದರ್ಜಿ ಅಂಗಡಿಯಲ್ಲಿ ಕಾಲರ್ ಕತ್ತರಿಸುವ ವಿಷಯಕ್ಕೆ ಅಪ್ಪನೊಡನೆ ಜಗಳವಾಡಿ ದೂರದೇಶಕ್ಕೆ ಹೋದ ಅಕ್ಕ, ವರ್ಷಗಳ ಮೇಲೆ ಮೊನ್ನೆ, ಬೆಳಗ್ಗೆ ಆರಕ್ಕೆ ವಿಮಾನ ಹತ್ತುತ್ತೇನೆಂದು ನನಗಷ್ಟೇ ಸಂದೇಶ ಕಳಿಸಿ ಫೋನ್ ಆರಿಸಿಬಿಟ್ಟಳು. ವಿಮಾನ ನಿಲ್ದಾಣಕ್ಕೆ ಬನ್ನಿ ಎಂದು ನಾನು ಕೈಕಾಲು ಹಿಡಿದ ಮೇಲೆ ಅಪ್ಪ, "ಒಂದೇ ಸಲ ಬರ್ತೀನಿ. ಅವಳಿದ್ರೆ ಮನೆಗೆ ಕರ್ಕೊಂಡ್ ಬರೋಣ, ಇಲ್ದಿದ್ರೆ ನಾನು ಕಾಯೋನಲ್ಲ" ಎಂದರು. ಅವಳು ಇಳಿಯುವ ಹೊತ್ತು ತಿಳಿಯದೆ ಕೂತಲ್ಲಿ ಕೂರಲಾರದ ನಾನು ತಮ್ಮ ಮೊರೆಹೊಕ್ಕೆ. ಎಂಟೂವರೆ ಗಂಟೆ ಎಂದು ತಾವು ಅಪ್ಪಣೆ ಕೊಡಿಸಿದಿರಿ.

ತಮ್ಮ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆ ಊರಿನಿಂದ ಈ ಊರಿಗೆ ನೇರ ವಿಮಾನವೇ ಇಲ್ಲದಿದ್ದರೂ, ಸಮುದ್ರ ಬೆಟ್ಟ ಯಾವುದನ್ನೂ ಲೆಕ್ಕಿಸದೆ ಸ್ಕೇಲ್ ಇಟ್ಟು ಗೆರೆ ಎಳೆದಿರಿ. ಹತ್ತನೇ ಕ್ಲಾಸಿನ ಭೂಗೋಳದಲ್ಲಿ ನಾನು ನದಿಯನ್ನು ಹೀಗೇ ಎಳೆದಾಗ ಮೇಷ್ಟ್ರು ಸೊನ್ನೆ ಕೊಟ್ಟಿದ್ದರು. ತಮ್ಮನ್ನು ಜಗತ್ತೇ ನಂಬುತ್ತದೆ.

ತಮ್ಮ ಲೆಕ್ಕದ ಹೊತ್ತಿಗೆ ನಾವು ನಿಲ್ದಾಣಕ್ಕೆ ಹೋಗಿ ನಿಂತಾಗ ಬಾಗಿಲಿನಿಂದ ಯಾರ್ಯಾರದೋ ಅಕ್ಕಂದಿರು ಬಂದರು, ನಮ್ಮವಳು ಬರಲಿಲ್ಲ. ಅಪ್ಪ ಹೊರಟು ನಿಂತರು. ನಾನು ಸುಳ್ಳು ಹೇಳಿಲ್ಲವೆಂದು ತಮ್ಮ ಪುಟವನ್ನೇ ಅವರ ಮೂಗಿನ ಕೆಳಗೆ ಹಿಡಿದೆ. ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಇದು ಹಾರಾಟದ ಅವಧಿ ಮಾತ್ರ' ಎಂದಿತ್ತು. ಅಪ್ಪ ಕನ್ನಡಕ ಏರಿಸಿ ಅದನ್ನೇ ಎರಡು ಸಲ ಓದಿದರು. ಗಿರಾಕಿಗೆ ಒಂದು ಗಂಟೆ ಕೆಲಸ ಎನ್ನುವಾಗ ಸೂಜಿ ಓಡುವ ಹೊತ್ತನ್ನಷ್ಟೇ ಎಣಿಸಿ, ಬಟ್ಟೆಯನ್ನು ಮುಂದಿನ ವಾರ ಕೊಡುವ ಮಹಾನುಭಾವರು ಅವರು. ಕಳೆದುಹೋದ ತಮ್ಮನನ್ನು ಕಂಡಂತೆ ಅವರ ಮುಖ ಅರಳಿತು.

"ಇವನೂ ನಮ್ಮವನೇ ಕಣೋ. ಬರೀ ಹೊಲಿಗೆ ಹೊತ್ತು ಹೇಳಿದಾನೆ. ಕಾಜಾ, ಗುಂಡಿ, ಇಸ್ತ್ರಿ ಎಲ್ಲಾ ಬಾಕಿ ಇದೆ, ಕೂತ್ಕೋ" ಎಂದು ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತರು.

ನಡುವೆ ಎಲ್ಲೋ ಇಳಿದು, ಕಾದು, ಬೇರೆ ವಿಮಾನ ಹಿಡಿದ ಅಕ್ಕ ಮರುದಿನ ಬೆಳಗ್ಗೆ ಬಂದಳು. ಅಪ್ಪನನ್ನು ಕಂಡು ಪೆಟ್ಟಿಗೆಯ ಗಾಡಿ ತಳ್ಳುವುದನ್ನೇ ಮರೆತು ನಿಂತಳು. ಅಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಭುಜದ ಹತ್ರ ಸಡಿಲ ಆಗಿದೆ. ನಡಿ, ಹಿಡ್ದು ಕೊಡ್ತೀನಿ" ಎಂದರು. "ನೀನು ಹಿಡಿದ್ರೆ ಕತ್ತು ಎಳೆಯುತ್ತಪ್ಪ" ಎಂದಳು. ವರ್ಷಗಳ ಹಿಂದೆ ಕಾಲರ್ ಹತ್ತಿರ ನಿಂತುಹೋಗಿದ್ದ ಜಗಳ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮುಂದುವರಿಯಿತು. ನಾನು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದೇ ಸೀಟಿನಲ್ಲಿ ಕೂತ ಅಪ್ಪ ಮಗಳ ದೂರವನ್ನೂ ಅಳೆಯುವ ವ್ಯವಸ್ಥೆ ಮಾಡಬೇಕೆಂದೂ, ಅದಕ್ಕಾದರೂ ಕಾಯುವ ಹೊತ್ತನ್ನು ಸೇರಿಸಬೇಕೆಂದೂ ಕೋರುತ್ತೇನೆ.

ಕಾಯುವುದನ್ನು ಈಗಷ್ಟೇ ಕಲಿತಿರುವ,
ತಮ್ಮ ವಿಶ್ವಾಸಿ,
ದರ್ಜಿಯ ಮಗ

ಮರೆತ ಮಾತು: ಇಲ್ಲಿಂದ ವಾಪಸ್ ಅಲ್ಲಿಗೆ ಎಷ್ಟು ದೂರ ಎಂಬುದನ್ನೂ ನಾನು ಕೇಳದೆಯೇ ತಾವು ತೋರಿಸಿದ್ದೀರಿ. ಅಕ್ಕ ಇನ್ನೂ ಅದನ್ನು ನೋಡಿಲ್ಲ. ದಯವಿಟ್ಟು ಆ ಕಡೆಗೆ ಒಂದು ಸಾವಿರ ಕಿಲೋಮೀಟರ್ ಹೆಚ್ಚಿಗೆ ಹಾಕಿ. ಇದ್ದದ್ದು ಇದ್ದ ಹಾಗೆ ಹೇಳಲೇಬೇಕೆಂಬ ಹಟ ತಮಗೆ ಹೇಗೂ ಇಲ್ಲವಲ್ಲ.