ಪೂಜಾರಿ ಮೈಲಾರೇಶ ಸಲಹೆ ಕೇಳಲು ಹೋದದ್ದು

ಕಳೆದುಹೋದ ಟಗರು ಮೂಡಣ ದಿಕ್ಕಿಗೆ ಹೋಗಿದೆ ಎಂದು ಬೀರಪ್ಪ ದೇವರು ಪೂಜಾರಿ ಮೈಲಾರೇಶನ ಬಾಯಿಂದ ಹೇಳಿತು. ಟಗರು ಪಡುವಣದ ಹೊಲದಲ್ಲಿ ಸಿಕ್ಕಿತು.

ಊರವರು ಬೇಸರ ಮಾಡಿಕೊಳ್ಳಲಿಲ್ಲ. "ನಾವ ತಪ್ಪು ಕೇಳಿಸ್ಕೊಂಡೀವಿ" ಎಂದು ಕಾಯಿ ಒಡೆಸಿಕೊಂಡು ಹೋದರು. ನಿದ್ದೆ ಕೆಟ್ಟದ್ದು ಮೈಲಾರೇಶನಿಗೆ. ಅಪ್ಪ ತೀರಿಕೊಂಡ ಮೇಲೆ ಗುಡಿಯ ಪೂಜೆ, ದೇವರು ಮೈಮೇಲೆ ಬಂದು ನುಡಿಯುವ ಸೋಮವಾರದ ಹೇಳಿಕೆ ಎರಡೂ ಅವನ ಹೆಗಲಿಗೆ ಬಿದ್ದಿದ್ದವು. ಡೊಳ್ಳು ಬಾರಿಸಿದಾಗ ಮೈ ನಡುಗುವುದೇನೋ ನಿಜ. ಆಮೇಲೆ ಬರುವ ಮಾತು ದೇವರದೋ ತನ್ನದೋ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ. ಅಲ್ಲಿನ ಒಂದು ದವಾಖಾನೆಯಲ್ಲಿ ಶಿವಲೀಲಾ ಮೇಡಮ್ ಎಂಬವರು ಮನಸ್ಸಿನ ತೊಂದರೆ ಕೇಳಿ ಸಲಹೆ ಕೊಡುತ್ತಾರೆಂದು ಕೇಳಿದ್ದ.

ಬಸ್ಸಿನಲ್ಲಿ ಪಕ್ಕದ ಮನೆಯ ಅಂಜಿನಕ್ಕ ಕೂತಿದ್ದಳು.

"ಎಲ್ಲಿಗಪ್ಪಾ ಪೂಜಾರಿ?"

"ಹಲ್ಲುನೋವು, ಅಕ್ಕಾ."

"ಯಾವ ಹಲ್ಲು? ಬಾಯಿ ತಗಿ."

ಅವನು ಬಾಯಿ ತೆರೆದ. ಅಂಜಿನಕ್ಕ ನೋಡಿದಳು, ಹಿಂದಿನ ಸೀಟಿನವರು ಬಗ್ಗಿ ನೋಡಿದರು, ಟಿಕೆಟು ಕೊಡಲು ಬಂದ ಕಂಡಕ್ಟರನೂ ನೋಡಿ, "ಎಲ್ಲಾ ಗಟ್ಟಿ ಅದಾವ ಬಿಡ್ರಿ" ಎಂದ.

"ಒಳಗ ಬ್ಯಾನಿ ಇರ್ತೈತಿ. ಒಬ್ಬನ ಹೋಗಬ್ಯಾಡ, ಕೀಳೋವಾಗ ನಾನು ಕೈ ಹಿಡ್ಕಂತೀನಿ" ಎಂದು ಅಂಜಿನಕ್ಕ ಉಣ್ಣೆಗೆ ಅಂಟಿದ ಮುಳ್ಳಿನಂತೆ ಬೆನ್ನುಬಿದ್ದಳು.

ದವಾಖಾನೆಯಲ್ಲಿ ಮೈಲಾರೇಶ ಅವಳನ್ನು ಬೆಂಚಿನ ಮೇಲೆ ಬಿಟ್ಟು, ಶಿವಲೀಲಾರ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಎಲ್ಲವನ್ನೂ ಹೇಳಿದ.

"ದೇವರ ಮ್ಯಾಲೆ ನಂಬಿಕಿ ಹೋಗೈತೇನ್ರಿ?" ಶಿವಲೀಲಾ ಕೇಳಿದರು.

"ದೇವರ ಮ್ಯಾಲೆ ಐತ್ರಿ. ನನ್ನ ಮ್ಯಾಲೆ ಇಲ್ಲ."

ಅವರು ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಅನುಮಾನ ಬಂತು ಅಂದ್ರ ಭಕ್ತಿ ಹೋತು ಅಂತಲ್ಲ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂದ್ರ ಬೀರಪ್ಪ ಸಿಟ್ಟಾಗ್ತಾನೇನ್ರಿ?"

ಮೈಲಾರೇಶ ಯೋಚಿಸಿದ. "ಇಲ್ರಿ. ನಮ್ಮವ್ವ ಆಗ್ತಾಳ."

ಈಗ ಇಬ್ಬರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಯಿತು. "ಇವತ್ತ ಹೇಳಿಬಿಡ್ತೀನ್ರಿ. ಪೂಜಿ ಮಾಡ್ತೀನಿ, ಹೇಳಿಕಿ ಹೇಳಲ್ಲ" ಎಂದು ಧೈರ್ಯದಿಂದ ಎದ್ದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ ಶಿವಲೀಲಾ ತಲೆಬಾಗಿಸಿ ಕೈ ಮುಗಿದರು.

ಬೆಂಚಿನ ಮೇಲಿದ್ದವರೆಲ್ಲ ಅದನ್ನು ಕಂಡರು. ಅಷ್ಟರಲ್ಲಿ ಅವರಿಗೆ ಅಂಜಿನಕ್ಕ ಬೀರಪ್ಪನ ಮಹಿಮೆಯನ್ನೂ ಗುಡಿಯ ದಾರಿಯನ್ನೂ ಹೇಳಿ ಮುಗಿಸಿದ್ದಳು. ಒಳಗಿರುವುದು ಹಲ್ಲಿನ ಡಾಕ್ಟರಲ್ಲ ಎಂಬುದನ್ನು ಅವರಿಂದ ತಿಳಿದುಕೊಂಡಿದ್ದಳು.

"ಮೇಡಮ್‌ಗೆ ಏನಾಗಿತ್ತಪ್ಪಾ?" ಎಂದಳು ಮೆಲ್ಲಗೆ.

"ಮೇಡಮ್‌ಗೆ ಏನಾಗ್ತೈತಿ? ನನಗ..."

"ಬ್ಯಾಡ, ಬ್ಯಾಡ! ಅವರ ಗುಟ್ಟು ಹೊರಗ ಹಾಕಬ್ಯಾಡ" ಎಂದು ಅವನ ಬಾಯಿ ಮುಚ್ಚಿಸಿ, ಬಸ್ಸು ಊರು ಮುಟ್ಟುವವರೆಗೂ ಊರವರ ಜೊತೆ ಫೋನಿನಲ್ಲಿ ಮಾತಾಡಿದಳು.

ಸಂಜೆ ಗುಡಿಯಂಗಳ ತುಂಬಿತ್ತು. ಮೈಲಾರೇಶ ಡೊಳ್ಳು ನಿಲ್ಲಿಸಿ ಎದುರು ನಿಂತ. "ಕೇಳ್ರಪ್ಪಾ, ನನಗೇನೂ ಗೊತ್ತಾಗಲ್ಲ. ಇನ್ನ ಮುಂದ ಹೇಳಿಕಿ ಇಲ್ಲ."

ಊರಿನ ಹಿರಿಯ ಗಾದೆಪ್ಪ ಕಣ್ಣೊರೆಸಿಕೊಂಡು ಎದ್ದ. "ಡಾಕ್ಟರಮ್ಮ ಕರೆಸಿ, ಕೇಳಿ, ಕೈ ಮುಗದು ಕಳಿಸ್ಯಾಳ. ಆದ್ರೂ ಎಷ್ಟು ತಗ್ಗಿ ನಡೀತಾನ ನೋಡ್ರಿ!"

ಜನ ಜಯಕಾರ ಹಾಕಿದರು. ಅದೇ ಹೊತ್ತಿಗೆ ದವಾಖಾನೆಯ ಬೆಂಚಿನ ಮಂದಿಯನ್ನು ಹೊತ್ತ ಟಂಟಂ ಆಟೋ ಬಂದು ನಿಂತಿತು. ಮೈಲಾರೇಶನ ಫೋನು ರಿಂಗಾಯಿತು. ಶಿವಲೀಲಾ.

"ನಮ್ಮಲ್ಲಿಗೆ ಬರೋರು ನಿಮ್ಮ ಗುಡಿಗೆ ಬರಾಕತ್ಯಾರಂತ್ರಿ. ಬರ್ಲಿ, ತಪ್ಪಿಲ್ಲ. ಇಲ್ಲಿ ಕೊಟ್ಟ ಗುಳಿಗಿ ಮಾತ್ರ ಬಿಡಬ್ಯಾಡ್ರಿ ಅಂತ ಎಲ್ಲರಿಗೂ ಒಂದು ಮಾತು ಹೇಳ್ರಿ."

ಇದರಲ್ಲಿ ಸುಳ್ಳಿಲ್ಲ, ದೇವರ ಹೆಸರೂ ಇಲ್ಲ. ಮೈಲಾರೇಶ ನಿಶ್ಚಿಂತೆಯಿಂದ ಟಂಟಂ ಇಳಿದ ಮೊದಲ ಹೆಂಗಸಿನ ಹತ್ತಿರ ಹೋದ. ಅವಳಿನ್ನೂ ಬಾಯಿ ತೆರೆದಿರಲಿಲ್ಲ.

"ಯವ್ವಾ, ಗುಳಿಗಿ ಬಿಡಬ್ಯಾಡ."

ಹೆಂಗಸು ಬೆಚ್ಚಿಬಿದ್ದಳು. "ನಿನ್ನೆನ ಬಿಟ್ಟೀನ್ರಿ! ಮನ್ಯಾಗ ಒಬ್ರಿಗೂ ಹೇಳಿಲ್ಲ!" ಎಂದವಳೇ ಅವನ ಕಾಲಿಗೆ ಬಿದ್ದಳು.

ಡೊಳ್ಳು ಗುಡುಗಿತು. ಅಂಜಿನಕ್ಕ ಅವನ ಹಣೆತುಂಬ ಅರಿಶಿನದ ಭಂಡಾರ ಬಳಿದು, ಹೆಗಲು ಹಿಡಿದು ಗದ್ದುಗೆಯ ಮುಂದೆ ಕೂಡಿಸಿ, ಸಾಲಿನ ಕಡೆ ತಿರುಗಿದಳು.

"ನೂಕ್ಯಾಡಬ್ಯಾಡ್ರಿ. ಒಬ್ಬೊಬ್ಬರ ಬರ್ರಿ."