ಲ್ಯಾಟಿನ್ ಬಿಕ್ಕಳಿಕೆ, ಸ್ಪ್ಯಾನಿಷ್ ಥೂ

ಹೈಸ್ಕೂಲಿನ ಮಗಳು ಲ್ಯಾಟಿನ್, ಸ್ಪ್ಯಾನಿಷ್ ಎರಡನ್ನೂ ತೆಗೆದುಕೊಂಡ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗುವುದಕ್ಕೂ ನನಗೀಗ ಸುಸ್ತು. ಪರ್ತ್‌ನಲ್ಲಿ ಹುಟ್ಟಿದ ಇವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಹೊರಡುವುದಿಲ್ಲ. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದ ನಮ್ಮಮ್ಮನಿಗೆ ಇಂಗ್ಲಿಷ್ ಬಾರದು. ವಾಪಸು ಹೊರಡುವ ಮುಂಚೆ ಮೊಮ್ಮಗಳ ಬಾಯಲ್ಲಿ ಒಂದೇ ಒಂದು ಕನ್ನಡ ವಾಕ್ಯ ಕೇಳಬೇಕೆಂದು ಅವರಿಗೆ ಆಸೆ. ಅವರಿಗಿಂತ ಹೆಚ್ಚು ನನಗೆ.

ಬಿಕ್ಕಳಿಕೆ

ಒಂದು ಸಂಜೆ ಆಫೀಸಿನಿಂದ ಪರ್ತ್‌ನ ಹ್ಯಾರಿಸ್‌ಡೇಲ್ ಬಡಾವಣೆಯ ನಮ್ಮ ಮನೆಗೆ ಬಂದರೆ ಅಮ್ಮ ಗಾಬರಿಯಿಂದ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದರು. ಒಳಗಿನಿಂದ ಮಗಳ ದನಿ: "ಹಿಕ್, ಹೈಕ್, ಹೋಕ್."

"ಅರ್ಧ ಗಂಟೆಯಿಂದ ನಿಂತಿಲ್ಲ ಕಣೇ. ಊರಲ್ಲಿ ಯಾರೋ ಜ್ಞಾಪಿಸ್ಕೊಳ್ತಿದಾರೆ. ಎಲ್ಲರ ಹೆಸರೂ ಹೇಳಿ ನೋಡಿದೆ, ನಿನ್ನ ಚಿಕ್ಕಪ್ಪನ ಹೆಸರಿಗೂ ನಿಲ್ಲಲಿಲ್ಲ!"

"ಅದು ಬಿಕ್ಕಳಿಕೆ ಅಲ್ಲಮ್ಮ, ಲ್ಯಾಟಿನ್ನು. 'ಇವನು, ಇವಳು, ಇದು' ಅಂತ ಉರು ಹೊಡೀತಿದಾಳೆ."

ಅಮ್ಮ ಡಬ್ಬಿ ಮುಚ್ಚಿದರು. "ಇವನು ಅನ್ನೋದಕ್ಕೇ ಇಷ್ಟು ಕಷ್ಟಪಡೋ ಜನ ಸಂಸಾರ ಹೇಗೆ ಮಾಡಿದ್ರೋ!"

ಥೂ

ಪಕ್ಕದ ಬೀದಿಯ ಆಂಟಿ ತಾವೇ ಮಾಡಿದ ಹೋಳಿಗೆ ತಂದುಕೊಟ್ಟರು. ಮಗಳು ಒಂದು ತುತ್ತು ಬಾಯಿಗಿಟ್ಟು, ನೋಟ್‌ಬುಕ್ ನೋಡುತ್ತಾ, "ಯೋ... ತೂ! ತೂ!" ಅಂದಳು. ಆಂಟಿಯ ಮುಖ ಸಪ್ಪಗಾಯಿತು.

"ಆಂಟಿ, ಹೋಳಿಗೆ ಚೆನ್ನಾಗಿದೆ," ಎಂದು ನಾನು ಅವಸರದಿಂದ ಹೇಳಿದೆ. "ಸ್ಪ್ಯಾನಿಷ್‌ನಲ್ಲಿ 'ಯೋ' ಅಂದ್ರೆ 'ನಾನು', 'ತೂ' ಅಂದ್ರೆ 'ನೀನು' ಅಂತ, ಅಷ್ಟೆ."

"ಹಾಗಾದ್ರೆ ಉಗಿದಿದ್ದು ಹೋಳಿಗೆಗಲ್ಲ," ಅಂದರು ಆಂಟಿ, "ನನಗೇ ಅಂತಾಯ್ತು."

ದೆಸೆಯಿಂದ

ಲ್ಯಾಟಿನ್ ವಿಭಕ್ತಿಗಳ ಪರೀಕ್ಷೆ ಇತ್ತು. ನಮ್ಮಲ್ಲೂ ಇವೆ ಎಂದು ಜಂಭದಿಂದ ಒಂದೇ ಉಸಿರಿಗೆ ಹೇಳಿದೆ: "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ."

"ಅಮ್ಮಾ, ವಾಟ್ಸ್ ದೆಸೆಯಿಂದ? ನೋಬಡಿ ಎವರ್ ಸೇಸ್ ದಟ್."

ನಾನು ಉದಾಹರಣೆ ಹುಡುಕತೊಡಗಿದೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. "ನೋಡು, ನಿನ್ನ ದೆಸೆಯಿಂದ ಹಾಲೆಲ್ಲ ಹಾಳಾಯ್ತು!" ಎಂದು ಕಿರುಚಿದೆ.

"ಓ, ಗುಡ್ ಎಕ್ಸಾಂಪಲ್," ಎಂದು ಅವಳು ಬರೆದುಕೊಂಡಳು.

ಬೀಳ್ಕೊಡುಗೆ

ಅಮ್ಮ ಹೊರಡುವ ದಿನ ಬಂತು. ನಾನು ಆಸೆ ಬಿಟ್ಟಿದ್ದೆ. ಕಾರಿನಲ್ಲಿ ಮಗಳು ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು. ಲ್ಯಾಟಿನ್ ಇರಬೇಕು ಅಂದುಕೊಂಡೆ.

ಏರ್‌ಪೋರ್ಟಿನಲ್ಲಿ ಅವಳು ಅಜ್ಜಿಯ ಎರಡೂ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, ಅಚ್ಚಗನ್ನಡದಲ್ಲಿ ಹೇಳಿದಳು:

"ಅಜ್ಜಿ, ದಯವಿಟ್ಟು ಹೋಗಿ."

'ಹೋಗಿ ಬನ್ನಿ' ಅನ್ನಬೇಕಿತ್ತು. ಮರ್ಯಾದೆ ತಪ್ಪಬಾರದೆಂಬ ಗಡಿಬಿಡಿಯಲ್ಲಿ 'ಬನ್ನಿ' ಉದುರಿಹೋಗಿತ್ತು. ಸಾಲಿನಲ್ಲಿದ್ದ ಕನ್ನಡದ ಕುಟುಂಬವೊಂದು ತಿರುಗಿ ನನ್ನನ್ನೇ ನೋಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಮ್ಮ ಕಣ್ಣೊರೆಸಿಕೊಂಡು ಮೊಮ್ಮಗಳನ್ನು ತಬ್ಬಿಕೊಂಡರು. "ನೋಡಿದ್ಯೇನೇ," ಅಂದರು ನನ್ನ ಕಡೆ ತಿರುಗಿ, "ಎಪ್ಪತ್ತು ವರ್ಷದಲ್ಲಿ ಇಷ್ಟು ಮರ್ಯಾದೆಯಾಗಿ ಯಾರೂ ನನ್ನನ್ನ ಓಡಿಸಿರಲಿಲ್ಲ!"